‘ಕೈಂಡ್ ಆಫ್ ಬ್ಲೂ’ ಮೊದಲ ಬದಿಯ ಶ್ರುತಿ ಏರಿದೆ, ಬೆಲ್ಟ್ ಬದಲಾಯಿಸಬೇಕಾ?

ಬದಿ_ಎ:
ಈ ವಾರ ಕೇಳುತ್ತಿರುವುದು ಜಾಝ್ ಕಹಳೆಗಾರ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, ಎಪ್ಪತ್ತರ ದಶಕದ ಎಲ್‌ಪಿ. ‘ಸೋ ವಾಟ್’ ಜೊತೆ ಕೀಬೋರ್ಡ್ ನುಡಿಸಲು ಹೋದರೆ ಸೇರುವುದೇ ಇಲ್ಲ. ರೆಕಾರ್ಡು ಡಿ ಸ್ವರಕ್ಕಿಂತ ಮೇಲೆ, ಡಿ ಶಾರ್ಪ್‌ಗಿಂತ ಕೆಳಗೆ ಎಲ್ಲೋ ನಿಂತಿದೆ. ತಿರುವಿ ಹಾಕಿ ‘ಆಲ್ ಬ್ಲೂಸ್’ ಇಟ್ಟರೆ ಜಿ ಸರಿಯಾಗಿ ಕೂರುತ್ತದೆ. ತಟ್ಟೆ ತಿರುಗಿಸುವ ಬೆಲ್ಟ್ ಹೋಗಿದೆಯಾ? ನೀವೆಲ್ಲ ಯಾವ ಪ್ರತಿ ಕೇಳುತ್ತೀರಿ?

ತೆಳುಸೂಜಿ:
ಬೆಲ್ಟ್ ಮುಟ್ಟಬೇಡಿ. ಅದು ಸಡಿಲವಾಗಿದ್ದರೆ ಎರಡೂ ಬದಿ ಕೆಡಬೇಕಿತ್ತು. ತಪ್ಪಿರುವುದು ಮೂಲ ಟೇಪಿನಲ್ಲಿ.

ಈ ಆಲ್ಬಮ್ ರೆಕಾರ್ಡ್ ಆದದ್ದು ನ್ಯೂಯಾರ್ಕಿನ ಕೊಲಂಬಿಯಾ 30ನೇ ಬೀದಿ ಸ್ಟುಡಿಯೊದಲ್ಲಿ, ಎರಡು ದಿನ: 1959ರ ಮಾರ್ಚ್ 2 ಮತ್ತು ಏಪ್ರಿಲ್ 22. ಮಾರ್ಚ್‌ನಲ್ಲಿ ಆದ ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’ ಮೂರೂ ಮೊದಲ ಬದಿಗೆ ಹೋದವು. ಅವತ್ತು ಮುಖ್ಯ ಟೇಪ್ ಯಂತ್ರ ತುಸು ನಿಧಾನ ಓಡುತ್ತಿತ್ತು. ನಿಧಾನ ಓಡಿದ ಟೇಪನ್ನು ಸರಿ ವೇಗದ ಯಂತ್ರಕ್ಕೆ ಹಾಕಿದರೆ ಹಾಡು ಬೇಗ ಓಡುತ್ತದೆ, ಶ್ರುತಿಯೂ ಏರುತ್ತದೆ. ಜೊತೆಗೇ ಓಡುತ್ತಿದ್ದ ಎರಡನೇ ಯಂತ್ರದ ಟೇಪು ಸರಿಯಿತ್ತು. ಅದನ್ನು ಬಳಸಿ ತಿದ್ದಿದ್ದು 1992ರ ಸಿಡಿಯಲ್ಲಿ. 1997ರ ಮರುಬಿಡುಗಡೆಯಿಂದ ಸರಿಯಾದದ್ದೇ ಎಲ್ಲೆಡೆ ಸಿಗುತ್ತಿದೆ. ಜೊತೆಯಲ್ಲಿ ನುಡಿಸಬೇಕೆಂದರೆ ಅದನ್ನೇ ಹಿಡಿಯಿರಿ.

180ಗೆರೆ:
ಆದರೂ ವೇಗ ಒಮ್ಮೆ ನೋಡಿಬಿಡಿ, ಹೇಗೂ ಐದು ನಿಮಿಷದ ಕೆಲಸ. ಸ್ಟ್ರೋಬ್ ಡಿಸ್ಕ್ (ವೇಗ ಸರಿಯಿದ್ದರೆ ಮಿನುಗುವ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುವ ಬಿಲ್ಲೆ) ಪ್ರಿಂಟ್ ಮಾಡುವಾಗ 50 ಹರ್ಟ್ಸ್‌ನದನ್ನೇ ಆರಿಸಿ: ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ 180 ಗೆರೆ. ಅಮೆರಿಕದ ಸೈಟುಗಳಲ್ಲಿ ಸಿಗುವ 216 ಗೆರೆಯದು 60 ಹರ್ಟ್ಸ್‌ಗೆ, ನಮ್ಮ ಕರೆಂಟಿಗೆ ಸುಳ್ಳು ಹೇಳುತ್ತದೆ. ಹಳೇ ಬುರುಡೆ ಬಲ್ಬು ಅಥವಾ ನಿಯಾನ್ ಟೆಸ್ಟರ್ ಬೆಳಕು ಬೇಕು. ಎಷ್ಟೋ ಎಲ್‌ಇಡಿಗಳು ಮಿನುಗುವುದೇ ಇಲ್ಲ, ಹಾಗಾಗಿ ಗೆರೆ ನಿಂತಂತೆ ಕಾಣುವುದಿಲ್ಲ. ಸೂಜಿ ರೆಕಾರ್ಡಿನ ಮೇಲಿರುವಾಗಲೇ ನೋಡಿ. ಗೆರೆಗಳು ತಟ್ಟೆ ತಿರುಗುವ ಕಡೆಗೇ ಸರಿದರೆ ವೇಗ ಜಾಸ್ತಿ, ಎದುರಾಗಿ ಸರಿದರೆ ಕಡಿಮೆ.

ಬದಿ_ಎ:
ನೋಡಿದೆ, ಗೆರೆ ಅಲ್ಲಾಡುತ್ತಿಲ್ಲ. ಈ ಎಲ್‌ಪಿಯನ್ನೇ ಕಂಪ್ಯೂಟರಿಗೆ ಹಾಕಿಕೊಂಡು ತಿದ್ದಬಹುದಾ?

ತೆಳುಸೂಜಿ:
ಆಗುತ್ತದೆ. ಅಳತೆಗೆ ಪಿಯಾನೊ ಹಿಡಿಯಿರಿ, ಕಹಳೆ ಬೇಡ, ಅದು ಜಾರುತ್ತದೆ. ಕೀಬೋರ್ಡಿನ ಟ್ಯೂನಿಂಗ್ ಮೆನುವಿನಲ್ಲಿ 440 ಹರ್ಟ್ಸ್‌ನಿಂದ ಒಂದೊಂದೇ ಏರಿಸುತ್ತಾ ಪಿಯಾನೊ ವಾದಕ ಬಿಲ್ ಎವನ್ಸ್‌ನ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗಳ) ಜೊತೆ ಅಲೆಯಾಡುವ ಸದ್ದು ನಿಲ್ಲುವವರೆಗೆ ಹೋಗಿ. 446ಕ್ಕೆ ನಿಂತಿತು ಅನ್ನಿ: 440 ಭಾಗಿಸು 446, ಅಂದರೆ 0.9865. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವ ಆಯ್ಕೆಗೆ ಹೋಗಿ ಮೈನಸ್ 1.35 ಶೇಕಡಾ ಕೊಡಿ. ಶ್ರುತಿ ಮಾತ್ರ ಇಳಿಸುವ ಆಯ್ಕೆ ಬೇಡ. ಓಟ ಬೇಗದ್ದೇ ಉಳಿಯುತ್ತದೆ, ಡ್ರಮ್ಮರ್ ಜಿಮ್ಮಿ ಕಾಬ್‌ನ ಸಿಂಬಲ್ ಕೂಡ ಕಲಸಿಹೋಗುತ್ತದೆ. ಎರಡನೇ ಬದಿಗೆ ಕೈ ಹಾಕಬೇಡಿ.

ಖರಹರ:
ಅಷ್ಟೆಲ್ಲ ಯಾಕೆ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಡಿಗೆ ಇಟ್ಟು ಫೈನ್ ಟ್ಯೂನ್ ತಿರುಗಿಸಿದರೆ ಅಭ್ಯಾಸಕ್ಕೆ ಸಾಕು! ‘ಸೋ ವಾಟ್’ 32 ಬಾರ್ (ತಾಳದ ಸುತ್ತು): ಮೊದಲ 16 ಡಿ ಡೋರಿಯನ್ ಎಂಬ ಸ್ವರಶ್ರೇಣಿ, ಆಮೇಲೆ 8 ಅರ್ಧ ಸ್ವರ ಮೇಲೆ, ಕೊನೆಯ 8 ಮತ್ತೆ ಡಿ. ಡೋರಿಯನ್ನಿನ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದವೇ. ಗಮಕ ಹಾಕಲು ಹೋಗಬೇಡಿ, ಕೆಡುತ್ತದೆ. ಎಡವುವುದು ಮಧ್ಯದ 8ರಲ್ಲಿ. ಷಡ್ಜವೇ ಸರಿದುಬಿಡುತ್ತದೆ, ಪೆಟ್ಟಿಗೆ ಮಾತ್ರ ಹಳೆಯ ಜಾಗದಲ್ಲೇ ಗುಂಯ್‌ಗುಡುತ್ತಿರುತ್ತದೆ. ಆಗ ಅದನ್ನು ಆಫ್ ಮಾಡಿ, ಪಾಲ್ ಚೇಂಬರ್ಸ್‌ನ ಬಾಸ್ ಹಿಡಿದು ಎಣಿಸಿ.

ನಾನು ಕೇಳುತ್ತಿರುವುದು ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’. ಅದರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಅಳುವಂತೆ ನುಡಿಸುವ ಚಾರ್ಲಿ ಮರಿಯಾನೊನೇ ಇಪ್ಪತ್ತು ವರ್ಷದ ನಂತರ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ‘ಜ್ಯೋತಿ’ ಮಾಡಿದ್ದು. ಆರ್. ಎ. ರಮಾಮಣಿಯವರ ಗಾಯನ, ಟಿ. ಎ. ಎಸ್. ಮಣಿಯವರ ಮೃದಂಗ. ಎರಡನ್ನೂ ಒಂದೇ ಸಂಜೆ ಕೇಳಿ.

180ಗೆರೆ:
ಬದಿ_ಎ ಅವರೇ, ಇನ್ನೂ ಹಳೆಯ ಪ್ರತಿ ಕೊಳ್ಳುವುದಾದರೆ ಇದೊಂದು ನೆನಪಿರಲಿ: ಮೊದಮೊದಲ ಮುದ್ರಣದ ಹೊದಿಕೆಗಳಲ್ಲಿ ‘ಆಲ್ ಬ್ಲೂಸ್’, ‘ಫ್ಲಮೆಂಕೊ ಸ್ಕೆಚಸ್’ ಹೆಸರು ಅದಲುಬದಲು. ತೂಗುವ 6/8 ಲಯದಲ್ಲಿ, ನಡುಗುವ ಪಿಯಾನೊದಿಂದ ಶುರುವಾಗುವುದು ‘ಆಲ್ ಬ್ಲೂಸ್’.