ಬೂದು ಮೈ, ಉದ್ದ ಕಾಲು, ನೆಟ್ಟನೆ ಕೊಕ್ಕು: ಇದು ಗಾಡ್‌ವಿಟ್ಟೇ?

ಪ್ರಶ್ನೆ:
ದಾವಣಗೆರೆ ಕಡೆಯ ಒಂದು ಕೆರೆ, ಡಿಸೆಂಬರ್ ಮೊದಲ ವಾರ. ಸುಮಾರು 30 ಹಕ್ಕಿಗಳ ಹಿಂಡು. ಮೈ ಬೂದುಗಂದು, ಕೊಕ್ಕು ತಲೆಗಿಂತ ಎರಡು ಪಟ್ಟು ಉದ್ದ. ಹೊಟ್ಟೆ ಮಟ್ಟದ ನೀರಲ್ಲಿ ನಿಂತಿದ್ದರಿಂದ ಕಾಲಿನ ಬಣ್ಣ ಕಾಣಲಿಲ್ಲ. ಮೆಟ್ಟುಗಾಲು ಹಕ್ಕಿಯ ಮರಿಗಳೋ, ಗ್ರೀನ್‌ಶ್ಯಾಂಕೋ, ಗಾಡ್‌ವಿಟ್ಟೋ? ಮೂರೂ ನೀರಂಚಿನಲ್ಲಿ ಮೇಯುವ ಉದ್ದ ಕಾಲಿನ ಹಕ್ಕಿಗಳೇ. ಯಾವುದನ್ನು ನೋಡಿ ತೀರ್ಮಾನಿಸಬೇಕು?

ಉತ್ತರ 1:
ಕಾಲು ಬಿಡಿ, ಕೊಕ್ಕಿನ ಬುಡ ನೋಡಿ. ಬುಡದ ಅರ್ಧ ನಸುಗೆಂಪು, ತುದಿ ಕಪ್ಪು ಇದ್ದರೆ ಗಾಡ್‌ವಿಟ್. ಮೆಟ್ಟುಗಾಲಿನದು ಸೂಜಿಯಂಥ ಕರಿ ಕೊಕ್ಕು. ಮರಿಯ ಬೆನ್ನು ಕಂದಾಗಿರುವುದರಿಂದ ಮೋಸ ಹೋಗುವವರು ಬಹಳ. ಗ್ರೀನ್‌ಶ್ಯಾಂಕಿನ ಕೊಕ್ಕು ತುಸು ಮೇಲಕ್ಕೆ ಬಾಗಿರುತ್ತದೆ, ಹಾರುವಾಗ ಮೂರು ಸಲ 'ಟ್ಯೂ ಟ್ಯೂ ಟ್ಯೂ' ಎನ್ನುತ್ತದೆ. ಒಂದು ಎಚ್ಚರ: ಕೆಸರು ಮೆತ್ತಿದ ಕೊಕ್ಕು ಪೂರ್ತಿ ಕಪ್ಪಾಗಿ ಕಾಣುತ್ತದೆ. ಹಕ್ಕಿ ಕೊಕ್ಕನ್ನು ನೀರಲ್ಲಿ ಅಲುಗಿಸಿ ತೊಳೆಯುವವರೆಗೆ ಕಾಯಿರಿ, ಸೂರ್ಯ ನಿಮ್ಮ ಬೆನ್ನಿಗಿರಲಿ.

ಉತ್ತರ 2:
ಮೇಯುವ ರೀತಿಯೂ ಗುರುತೇ. ಮೆಟ್ಟುಗಾಲು ನಡೆಯುತ್ತಾ ನೀರಿನ ಮೇಲ್ಭಾಗದ ಹುಳುಗಳನ್ನು ಹೆಕ್ಕುತ್ತದೆ. ಗಾಡ್‌ವಿಟ್ ಕೊಕ್ಕನ್ನು ನೆಟ್ಟಗೆ ಕೆಸರಿಗೆ ಇಳಿಸುತ್ತದೆ, ಎಷ್ಟೋ ಸಲ ತಲೆಯೇ ಮುಳುಗಿರುತ್ತದೆ. ಮೇಲ್ಕೊಕ್ಕಿನ ತುದಿಯನ್ನಷ್ಟೇ ಬಾಗಿಸಿ ತೆರೆಯಬಲ್ಲದು, ಹಾಗಾಗಿ ಕೆಸರಿನೊಳಗೇ ಹುಳು ಸಿಗುತ್ತದೆ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತವನ್ನೂ ತಿನ್ನುತ್ತದೆ. ಹಿಂಡಿನಲ್ಲಿ ಕೊಕ್ಕು ಹೆಚ್ಚು ಉದ್ದವಿರುವ ದೊಡ್ಡವು ಸಾಮಾನ್ಯವಾಗಿ ಹೆಣ್ಣು.

ಪ್ರಶ್ನೆ ಕೇಳಿದವರು:
ಕೊಕ್ಕಿನ ಬುಡ ನಸುಗೆಂಪೇ ಇತ್ತು, ಧನ್ಯವಾದ. ಹೋದ ವರ್ಷ ಇದೇ ಜಾಗದಲ್ಲಿ ಒಂದೂ ಇರಲಿಲ್ಲವಲ್ಲ?

ಉತ್ತರ 2:
ಕೆರೆ ಕೋಡಿ ಬಿದ್ದಿತ್ತೇ? ತುಂಬಿದ ಕೆರೆಯಲ್ಲಿ ಇವಕ್ಕೆ ಕಾಲೂರಲು ಜಾಗವಿಲ್ಲ. ನೀರು ಇಳಿದು ಅಂಗಳದ ಕೆಸರು ತೆರೆದ ಮೇಲೇ ಬರುತ್ತವೆ. ಹಿನ್ನೀರಿನ ಕಡೆ, ಹಳ್ಳ ಸೇರುವ ಮೂಲೆ ಮೊದಲು ನೋಡಿ. ಏರಿ ಕಡೆ ಆಳ ಹೆಚ್ಚು.

ಉತ್ತರ 1:
ಇನ್ನೊಂದು ಮಾತು. ಗಾಡ್‌ವಿಟ್ಟಿನಲ್ಲೂ ಬಗೆಗಳಿವೆ, ನಿಮ್ಮದು ಕರಿಬಾಲದ್ದೋ ಪಟ್ಟೆಬಾಲದ್ದೋ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಹಾರುವಾಗ ರೆಕ್ಕೆಯುದ್ದಕ್ಕೂ ಅಗಲವಾದ ಬಿಳಿ ಪಟ್ಟಿ, ಬಿಳಿ ಬುಡದ ಬಾಲಕ್ಕೆ ಕರಿ ತುದಿ, ಬಾಲದಾಚೆ ಚಾಚಿದ ಕಾಲು: ಕರಿಬಾಲದ್ದು. ಪಟ್ಟೆಬಾಲಕ್ಕೆ ರೆಕ್ಕೆಯ ಬಿಳಿ ಪಟ್ಟಿ ಇಲ್ಲ, ಅದು ಹೆಚ್ಚಾಗಿ ಕಡಲ ತೀರದ ಹಕ್ಕಿ. ದಯವಿಟ್ಟು ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಾರಿಸಬೇಡಿ. ಇವು ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು, ಮಾರ್ಚ್-ಏಪ್ರಿಲ್‌ನಲ್ಲಿ ಉತ್ತರಕ್ಕೆ ಹೊರಡುವ ಹೊತ್ತಿಗೆ ಮೈಯಲ್ಲಿ ಕೊಬ್ಬು ಕೂಡಿರಬೇಕು, ಪ್ರತಿ ಹಾರಾಟವೂ ಅದನ್ನು ತಿನ್ನುತ್ತದೆ. ಮೇಲೆ ಜೌಗಿನ ಗಿಡುಗ ಸುಳಿದರೆ ಹಿಂಡು ತಾನೇ ಏಳುತ್ತದೆ. ಹಾರುವ ಫೋಟೋ ಬೇಕಿದ್ದರೆ ಕ್ಯಾಮೆರಾದ ಶಟರ್ ವೇಗವನ್ನು 1/1600 ಸೆಕೆಂಡಿಗೆ ಇಟ್ಟು ಕಾಯಿರಿ.