ದೇವಸ್ಥಾನದ ಕಲ್ಲು ಬೆಳ್ಳಗಾಗಿದೆ, ಇದು ಸರಿನಾ ಮೇಡಂ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರ ದೇವಸ್ಥಾನ ಬಳಪದ ಕಲ್ಲಿನದು, ಬಸ್ ರಸ್ತೆಗೆ ಅಂಟಿಕೊಂಡಿದೆ. ಹೊರಗೋಡೆಗೆಲ್ಲ ಹೊಗೆ, ನವರಂಗದ ಕಂಬಗಳಿಗೆ ಎಣ್ಣೆ ಜಿಡ್ಡು. ಕಂಟ್ರಾಕ್ಟರ್ ಒಂದು ಮೂಲೆಯನ್ನು ಆಸಿಡ್‌ನಲ್ಲಿ ತೊಳೆದು, ಮೊದಲಿನದು ಆಮೇಲಿನದು ಅಂತ ಎರಡು ಫೋಟೊ ಕಳಿಸಿದ್ದಾರೆ. ಸಮಿತಿಯವರಿಗೆ ಖುಷಿ. ನನಗೆ ಮಾತ್ರ ಕಲ್ಲೇ ಬೇರೆ ಅನ್ನಿಸ್ತಿದೆ. ಬಣ್ಣ ಎಷ್ಟು ಬದಲಾಗಿದೆ ಅಂತ ಅಳೆಯೋಕಾಗುತ್ತಾ?

ಉತ್ತರ: ಆಗುತ್ತೆ. ಅದಕ್ಕೂ ಮೊದಲು ಆಸಿಡ್ ನಿಲ್ಲಿಸಿ, ಹಾಕಿದ ಜಾಗಕ್ಕೆ ಧಾರಾಳವಾಗಿ ಬರೀ ನೀರು ಬಿಡಿ. ಬಳಪದ ಕಲ್ಲಿನಲ್ಲಿ ಕ್ಲೋರೈಟ್ ಎಂಬ ಖನಿಜ ಇರುತ್ತೆ, ಅದರೊಳಗೆ ಕಬ್ಬಿಣ. ಆಸಿಡ್ ಆ ಕಬ್ಬಿಣವನ್ನು ಬಿಡಿಸಿದರೆ ದಿನ ಕಳೆದಂತೆ ತುಕ್ಕಿನ ಕಲೆ ಏಳಬಹುದು. ತೊಳೆದ ದಿನದ ಫೋಟೊದಲ್ಲಿ ಅದು ಎಲ್ಲಿ ಕಾಣಬೇಕು?

ಅಳೆಯೋದು ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ. ಪೇಂಟ್, ಜವಳಿ ಕಾರ್ಖಾನೆಗಳಲ್ಲಿ ಬಣ್ಣ ಹೊಂದಿಸಲು ಇಟ್ಟುಕೊಂಡಿರುತ್ತಾರೆ. ತನ್ನದೇ ಬೆಳಕನ್ನು ಕಲ್ಲಿನ ಮೇಲೆ ಚೆಲ್ಲಿ, ಅಲ್ಲಿಂದ ವಾಪಸಾದದ್ದನ್ನು ಮೂರು ಅಂಕಿಯಲ್ಲಿ ಹೇಳುತ್ತೆ. ಎಲ್ ಅಂದರೆ ಬಣ್ಣ ಎಷ್ಟು ತಿಳಿ ಅನ್ನೋದು, 0 ಕಪ್ಪು, 100 ಬಿಳಿ. ಎ ಏರಿದರೆ ಕೆಂಪಿನ ಕಡೆ, ಇಳಿದರೆ ಹಸಿರಿನ ಕಡೆ. ಬಿ ಏರಿದರೆ ಹಳದಿ, ಇಳಿದರೆ ನೀಲಿ. 1976ರಿಂದ ಜಗತ್ತೆಲ್ಲ ಬಳಸುವ ಲೆಕ್ಕ ಇದು. ಎರಡು ಜಾಗ ಓದಿದಾಗ ಮೂರರ ವ್ಯತ್ಯಾಸ 6, 2, 3 ಬಂತು ಅನ್ನಿ. ವರ್ಗ ಮಾಡಿ ಕೂಡಿದರೆ 49, ವರ್ಗಮೂಲ 7. ಇದೇ ‘ಡೆಲ್ಟಾ ಇ’. ಸುಮಾರು 2–3 ದಾಟಿದರೆ ಕಣ್ಣಿಗೆ ತಿಳಿಯುತ್ತೆ, 7 ಎದ್ದು ಕಾಣುತ್ತೆ.

ಆದರೆ ಬರೀ 7 ಅಂದವರನ್ನು ನಂಬಬೇಡಿ, ಮೂರೂ ಅಂಕಿ ಕೇಳಿ. ಎಲ್ ಏರಿದ್ದರೆ ಮಸಿ ಹೋಗಿರಬಹುದು; ಬಿ ಏರಿದ್ದರೆ ತುಕ್ಕು ಬಂದಿರಬಹುದು. ತಾಜ್ ಮಹಲಿನ ಅಮೃತಶಿಲೆಯ ಮೇಲೆ ಧೂಳು, ಇಂಗಾಲದ ಕಣಗಳು ಕೂತು ಹಳದಿಯಾದಾಗ ಮುಲ್ತಾನಿ ಮಣ್ಣು ಮೆತ್ತಿ, ಒಣಗಿದ ಮೇಲೆ ನೀರಿನಲ್ಲಿ ತೊಳೀತಾರೆ. ಅಲ್ಲಿಗೂ ಆಸಿಡ್ ತರೋದಿಲ್ಲ.

ಪ್ರಶ್ನೆ: ನಮ್ಮ ಹುಡುಗನೊಬ್ಬ ಜವಳಿ ಕಾರ್ಖಾನೆಯಲ್ಲಿದ್ದಾನೆ, ಯಂತ್ರ ತರಿಸ್ತೀನಿ. ಯಾವುದಕ್ಕೆ ಹೋಲಿಸಬೇಕು?

ಉತ್ತರ: ಇದೇ ಮುಖ್ಯ. ಗಣಿಯಿಂದ ಈಗ ತೆಗೆದ ಕಲ್ಲಿಗೆ ಹೋಲಿಸಬೇಡಿ. ನೂರಾರು ವರ್ಷ ಗಾಳಿಗೆ ಮಾಗಿದ ಬಣ್ಣವೂ ಆ ಕಲ್ಲಿನದೇ. ಹೊಗೆಯೂ ಆಸಿಡ್ಡೂ ತಾಗದ ಮರೆ ಹುಡುಕಿ, ಗೋಡೆಗೆ ಒರಗಿಸಿಟ್ಟ ಹುಂಡಿ ಹಿಂದೆ, ಹಳೇ ಫಲಕ ಕಿತ್ತ ಜಾಗದಲ್ಲಿ. ಕಲ್ಲು ಪೂರ್ತಿ ಒಣಗಿರಲಿ, ಒದ್ದೆಯಾದರೆ ಕಪ್ಪಗೆ ಓದುತ್ತೆ. ಪ್ರತಿ ಸಲ ಮೊದಲು ಯಂತ್ರದ ಜೊತೆ ಬರುವ ಬಿಳಿ ಬಿಲ್ಲೆಯನ್ನು ಓದಿಸಿ, ಯಂತ್ರವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಪಾರದರ್ಶಕ ಹಾಳೆಗೆ ತೂತು ಕೊರೆದು, ಕೆತ್ತನೆಯ ಅಂಚಿಗೆ ಗುರುತು ಹಾಕಿಟ್ಟರೆ ಮುಂದಿನ ಸಲವೂ ಅದೇ ಬಿಂದು ಸಿಗುತ್ತೆ. ತಿಂಗಳ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಓದಿ.

ಇನ್ನೊಬ್ಬರು: ಫೋನ್ ಕ್ಯಾಮೆರಾ ಸಾಲದಾ ಮೇಡಂ?

ಉತ್ತರ: ಫೋನು ಬಿಳಿಯನ್ನು ತಾನೇ ಸರಿಮಾಡಿಕೊಳ್ಳುತ್ತೆ, ಹಾಗಾಗಿ ಎರಡು ಫೋಟೊ ಹೋಲಿಸೋಕಾಗಲ್ಲ. ದಾಖಲೆಗೆ ಬೇಕಿದ್ದರೆ ಚೌಕಟ್ಟಿನಲ್ಲಿ ಒಂದು ಬೂದು ಕಾರ್ಡ್, ಅಂದರೆ ಫೋಟೊದ ಬಣ್ಣ ಸರಿಹೊಂದಿಸಲು ಬಳಸುವ ಬೂದು ಬಣ್ಣದ ಹಲಗೆ, ಇಟ್ಟು ತೆಗೀರಿ.

ಪ್ರಶ್ನೆ: ಈಗಷ್ಟೇ ಹುಂಡಿ ಸರಿಸಿ ನೋಡಿದೆ ಮೇಡಂ. ಅಲ್ಲಿ ಕಲ್ಲು ಹಸಿರು ಮಿಶ್ರಿತ ಬೂದು. ತೊಳೆದ ಮೂಲೆ ಬಿಳಿಚಿಕೊಂಡಿದೆ.

ಉತ್ತರ: ಹಾಗಾದರೆ ಎರಡನ್ನೂ ನಾಳೆಯೇ ಓದಿಸಿ, ಅಂಕಿಗಳನ್ನು ಸಮಿತಿಯ ಮುಂದಿಡಿ. ಅಲ್ಲಿಯವರೆಗೆ ಇನ್ನೊಂದು ಕಂಬಕ್ಕೂ ಬ್ರಷ್ ತಾಗಿಸಲು ಬಿಡಬೇಡಿ.