ಸಮಸ್ಯೆ: ಕಾಣದಿಹ ಜನಿವಾರ ಎದ್ದು ಕಂಡಿತ್ತು

ಈ ವಾರದ ಸಮಸ್ಯೆ ನಂದು: ಪದ್ಯದ ಕೊನೇ ಸಾಲು ಕೊಟ್ಟಿದೀನಿ, ಮೇಲಿನ ಮೂರು ಸಾಲು ನೀವು ಕಟ್ಟಿ ಪೂರಣ ಮಾಡ್ಬೇಕು. ಬ್ರಿಟಿಷರ ಕಾಲದಲ್ಲಿ ನಮ್ಮೋರನ್ನ ನೋಡಿ ಬರೆದ ಪಟಗಳಿವೆಯಲ್ಲ, ಪೂರಣ ಅದರ ಬಗ್ಗೆನೇ ಇರ್ಬೇಕು. ಸಾಲಿಗೆ ಐದು ಮಾತ್ರೆಯ (ಲಘುವಿಗೆ ಒಂದು, ಗುರುವಿಗೆ ಎರಡು) ಮೂರು ಗಣ, ಕೊನೇ ಗಣ ಮೂರು ಮಾತ್ರೆ, ಆದಿಪ್ರಾಸ, ಅಂದ್ರೆ ಎಲ್ಲ ಸಾಲಿನ ಎರಡನೇ ಅಕ್ಷರ ಒಂದೇ ಇರೋದು, ಬಿಡೋ ಹಾಗಿಲ್ಲ.

———

ಸರ್, ನನಗೆ ತಕ್ಷಣ ಹೊಳೆದಿದ್ದು ರಾಜಾ ರಾಮಮೋಹನ ರಾಯರು. 1832ರಲ್ಲಿ ಹೆನ್ರಿ ಬ್ರಿಗ್ಸ್ ಬರೆದ ಪಟ ಇಂಗ್ಲೆಂಡಿನ ಬ್ರಿಸ್ಟಲ್ ಮ್ಯೂಸಿಯಮ್ಮಲ್ಲಿದೆ, ತಲೆಗೆ ಪೇಟ, ಮೈಮೇಲೆ ಶಾಲು, ಹಿಂದೆ ಗುಡಿ ಮಸೀದಿ ಎರಡೂ ಇವೆ ಆದ್ರೆ ಜನಿವಾರದ ಸುಳಿವೇ ಇಲ್ಲ ಯಾಕಂದ್ರೆ ಅದು ದರ್ಬಾರಿ ಉಡುಪು, ಮೊಘಲರ ಕಾಲದಿಂದ ದೊಡ್ಡ ಹುದ್ದೆಯ ಹಿಂದೂಗಳೂ ಹಾಗೇ ಉಡ್ತಿದ್ರು. ವಿಗ್ರಹಾರಾಧನೆ ವಿರುದ್ಧ ಅಷ್ಟೆಲ್ಲ ಬರೆದ ಮನುಷ್ಯ, ಮಾರನೇ ವರ್ಷ ಸೆಪ್ಟೆಂಬರ್ 27ಕ್ಕೆ ಬ್ರಿಸ್ಟಲ್ಲಲ್ಲೇ ತೀರಿಕೊಂಡಾಗ ಮೈಮೇಲೆ ಜನಿವಾರ ಹಾಗೇ ಇತ್ತಂತೆ ನೋಡಿ.

ಜಾಣ ಕುಂಚವು ಬರೆಯಿತಂಗಿ ಶಾಲುಗಳ
ಕಾಣಿಸಿತು ಗುಡಿಯೊಂದು ಹಿಂದೆ ದೂರದಲಿ
ಪ್ರಾಣ ಹೋಗಲು ಅಂಗಿ ಬಿಚ್ಚಿದೆದೆ ಮೇಲೆ
ಕಾಣದಿಹ ಜನಿವಾರ ಎದ್ದು ಕಂಡಿತ್ತು

———

ಮೂರನೇ ಸಾಲು ಎದೆಗೇ ನಾಟ್ತು. ಆದ್ರೆ ಎರಡನೇ ಸಾಲಲ್ಲೂ ‘ಕಾಣ್’ ಧಾತುನೇ ಬಂದು ಸಮಸ್ಯೆ ಸಾಲಿನ ಬಿಗಿ ಕಮ್ಮಿ ಆಯ್ತು, ಮಸೀದಿನೂ ಬಿಟ್ಟುಹೋಗಿದೆ.

———

ಹೌದು ಸರ್, ತಿದ್ದಿದೀನಿ: ‘ಗೋಣ ಹಿಂದಕೆ ದೂರ ಗುಡಿ ಮಸೀದಿಗಳು’.

———

ನಂದು ಬೇರೆ ದಾರಿ. ರಾಯರು ತಾವೇ ಕೂತು ಬರೆಸಿಕೊಂಡೋರು, ಏನು ಉಡ್ಬೇಕು ಅನ್ನೋದು ಅವರ ಕೈಲೇ ಇತ್ತು. 19ನೇ ಶತಮಾನದ ಶುರುವಲ್ಲಿ ತಂಜಾವೂರಿನ ಚಿತ್ರಗಾರರು ಈಸ್ಟ್ ಇಂಡಿಯಾ ಕಂಪನಿ ಸಾಹೇಬರಿಗೆ ಅಂತ ಜಾತಿಗೊಂದು ಗಂಡ ಹೆಂಡ್ತಿ ಜೋಡಿ ಬರೆದು ಮಾರ್ತಿದ್ರಲ್ಲ, ಅಲ್ಲಿ ನಾಮ, ವಿಭೂತಿ, ಜನಿವಾರ ಎಲ್ಲಾ ಎದ್ದು ಕಾಣ್ಬೇಕು, ಕೊಳ್ಳೋನಿಗೆ ಬೇಕಾಗಿದ್ದು ಮನುಷ್ಯ ಅಲ್ಲ ಜಾತಿಯ ಗುರುತು. ಆ ಹೆಸರಿಲ್ಲದೋರ ಮುಖ ನೋಡಿದಾಗೆಲ್ಲ ನನಗೆ ಸಂಕಟ ಆಗತ್ತೆ.

ಆಣೆಕಾಸಿಗೆ ಹೂಣ ಕೊಂಡ ಪಟದಲ್ಲಿ
ಗೋಣು ಬಾಗಿದ ವಿಪ್ರ, ಹೆಸರಿಲ್ಲ ಪಾಪ
ಮಾಣಿಕದ ಸರ ತೊಟ್ಟ ದೊರೆಯಂಗಿಯಡಿಗೆ
ಕಾಣದಿಹ ಜನಿವಾರ ಎದ್ದು ಕಂಡಿತ್ತು

(ಹೂಣ ಅಂದ್ರೆ ಇಲ್ಲಿ ಬಿಳಿಯರು, ಹಳೇ ಸಂಸ್ಕೃತ ಕಾವ್ಯದಲ್ಲಿ ಈ ಬಳಕೆ ಇದೆ.)

———

ಅಕ್ಕ, ‘ಕಾಣದಿಹ’ ದೊರೆಗೆ, ‘ಎದ್ದು ಕಂಡಿತ್ತು’ ಬಡವನಿಗೆ ಅಂತ ಒಂದೇ ಸಾಲನ್ನ ಇಬ್ಬರಿಗೆ ಹಂಚಿಬಿಟ್ರಲ್ಲ, ಸಮಸ್ಯೆ ಕೊಡುವಾಗ ನನಗೇ ಇದು ಹೊಳೆದಿರ್ಲಿಲ್ಲ. ನಾಳೆ ರಾತ್ರಿವರೆಗೂ ಟೈಮಿದೆ. 1816ರಲ್ಲಿ ಥಾಮಸ್ ಹಿಕಿ ಬರೆದ, ನಮ್ಮ ಕಡೆ ಸರ್ವೆ ಮಾಡಿ ಹಸ್ತಪ್ರತಿ ಕೂಡಿಸಿದ ಕರ್ನಲ್ ಮೆಕೆಂಜಿ ಪಟದಲ್ಲಿ ಪಕ್ಕದ ಪಂಡಿತರ ಕೈಲಿ ಓಲೆಗರಿ, ದೂರದಲ್ಲಿ ನಮ್ಮ ಕಾರ್ಕಳದ ಗೊಮ್ಮಟ ಇದಾನೆ, ಅದನ್ನ ಯಾರಾದ್ರೂ ತಗೊಳ್ಳಿ.